ಸಹಾಯ ಬೇಕು: ಮರದ ಬಸ್ಸಿನ ಚಕ್ರ ಓಲಾಡುತ್ತಿದೆ, ಮಳೆ ಬಂದರೆ ಬಿಗಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ಮರದ ಆಟಿಕೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಮಾಡುತ್ತೇನೆ. ಒಂದೊಂದೇ ಮಾಡಿದರೆ ಚೆನ್ನಾಗಿಯೇ ಬರುತ್ತವೆ. ಒಟ್ಟಿಗೆ ಇಪ್ಪತ್ತು ಬಸ್ಸು ಅಂದರೆ ಎಂಬತ್ತು ಚಕ್ರ, ಅಲ್ವಾ? ಅಲ್ಲೇ ತೊಂದರೆ.

ಚಕ್ರಕ್ಕೆ ಚನ್ನಪಟ್ಟಣದವರು ಬಳಸುವ ಆಲೆ ಮರವನ್ನೇ ತರುತ್ತೇನೆ. ಲೇತಿನಲ್ಲಿ ಉದ್ದನೆಯ ಕೋಲು ಕಡೆದು, ನಡುವೆ ತೂತು ಕೊರೆದು, ಆಮೇಲೆ ಬಿಲ್ಲೆಗಳಾಗಿ ಕತ್ತರಿಸುತ್ತೇನೆ. ಕೋಲಿನ ಈ ತುದಿಯ ಚಕ್ರಗಳು ಸರಿ. ಆ ತುದಿಗೆ ಹೋದಂತೆ ಡ್ರಿಲ್ ಬಿಟ್ ಪಕ್ಕಕ್ಕೆ ಸರಿಯುತ್ತದೆ. ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಬಸ್ಸು ಕುಂಟುತ್ತದೆ. ಎರಡೂ ತುದಿಯಿಂದ ಕೊರೆಯಬೇಕಾ, ಅಥವಾ ನಾಲ್ಕು ಚಕ್ರಕ್ಕೆ ಆಗುವಷ್ಟು ಗಿಡ್ಡ ಕೋಲನ್ನೇ ಹಿಡಿಯಬೇಕಾ?

ಇನ್ನೊಂದು ವಿಷಯ. ಚಕ್ರ ತಿರುಗುವ ಅಚ್ಚು (ಮರದ ಕಡ್ಡಿ) 6 ಮಿ.ಮೀ., ತೂತು 6.5 ಮಿ.ಮೀ. ಬೇಸಿಗೆಯಲ್ಲಿ ಸಲೀಸಾಗಿ ತಿರುಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಮಗು ಎಳೆದರೆ ಚಕ್ರ ಉರುಳದೆ ನೆಲ ಗೀರುತ್ತದೆ, ನೋಡಲು ನಿಜಕ್ಕೂ ಬೇಜಾರು. ತೂತು 7ಕ್ಕೆ ಏರಿಸಲೇ? ಅಚ್ಚಿಗೂ ಅರಗು ಹಚ್ಚಿ ತಾಳೆಗರಿಯಲ್ಲಿ ಉಜ್ಜಿದರೆ ತೇವ ತಡೆಯುತ್ತದಾ?

ಮಾರುವ ಆಸೆಯೂ ಇದೆ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಆ ನೋಂದಣಿ ಮಾಡಿಸಿದವರು ಯಾವ ಕಾಗದಪತ್ರ ಕೊಟ್ಟಿರಿ, ದಯವಿಟ್ಟು ತಿಳಿಸಿ. ಚಕ್ರ ಕೊರೆಯುವಾಗ ಮರ ಅಲುಗದಂತೆ ಹಿಡಿದಿಡುವ ನಿಮ್ಮ ಜಿಗ್ ಫೋಟೋ ಹಾಕಿದರೆ ಇನ್ನೂ ದೊಡ್ಡ ಉಪಕಾರ.