ಹವಳದ ಟ್ಯಾಂಕಿಗೆ ಯಾವ ಕ್ಯಾಲ್ಸಿಯಂ? ಎಲೆಅಡಿಕೆ ಸುಣ್ಣ ಆಗುತ್ತದೆಯೇ?

ಪ್ರಶ್ನೆ, ನ್ಯೂಜೆರ್ಸಿಯಿಂದ:

ನಮಸ್ಕಾರ. ಮನೆಯಲ್ಲಿ 250 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು 9 ತಿಂಗಳಾಯಿತು. ಮೊದಲು ಮೆದು ಹವಳ ಮಾತ್ರ ಇತ್ತು, ಈಗ 4 ತಿಂಗಳಿಂದ ಗಟ್ಟಿ ಅಸ್ಥಿ ಕಟ್ಟುವ ಕಲ್ಲುಹವಳ ಬೆಳೆಸುತ್ತಿದ್ದೇನೆ. ಕ್ಯಾಲ್ಸಿಯಂ 360 ಪಿಪಿಎಂಗೆ ಇಳಿದಿದೆ, ಕೆಎಚ್ (ನೀರಿನ ಕ್ಷಾರತೆ) 6.5. ಚಳಿಗಾಲ, ಕಿಟಕಿ ತೆಗೆಯುವ ಹಾಗಿಲ್ಲ. ಬೆಳಿಗ್ಗೆ ಪಿಎಚ್ 7.8 ತೋರಿಸುತ್ತದೆ. ಅಂಗಡಿಯಲ್ಲಿ ಪುಡಿ, ದ್ರಾವಣ, ರಿಯಾಕ್ಟರ್ (ಕ್ಯಾಲ್ಸಿಯಂ ಕರಗಿಸಿ ಕೊಡುವ ಯಂತ್ರ) ಎಲ್ಲ ನೋಡಿ ತಲೆ ಕೆಟ್ಟಿತು. ಊರಿಂದ ಬಂದಿರುವ ನಮ್ಮ ಅತ್ತೆ, "ಎಲೆಅಡಿಕೆಗೆ ಹಾಕೋ ಸುಣ್ಣಾನೂ ಕ್ಯಾಲ್ಸಿಯಮ್ಮೇ ಅಲ್ವೇನಪ್ಪಾ?" ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಒಹಾಯೊದಿಂದ:

ನಿಮ್ಮ ಅತ್ತೆಯವರು ಹೇಳಿದ್ದು ಸರಿ ಸರ್. ರೀಫ್, ಅಂದರೆ ಹವಳದ ಟ್ಯಾಂಕ್, ಸಾಕುವವರು ಕಾಲ್ಕ್‌ವಾಸರ್ ಅನ್ನುವುದು ಸುಣ್ಣದ ತಿಳಿನೀರನ್ನೇ. ಅದು ಜರ್ಮನ್ ಹೆಸರು. ಆರು ವರ್ಷದಿಂದ ನನ್ನ ಟ್ಯಾಂಕ್ ನಡೆಯುತ್ತಿರುವುದು ಇದರ ಮೇಲೆ. ಆದರೆ ಎಲೆಅಡಿಕೆಯ ಡಬ್ಬಿ ಸುಣ್ಣ ಬೇಡ. ಅದರಲ್ಲಿ ಪರಿಮಳ, ಬಣ್ಣ, ಇನ್ನೇನೇನು ಬೆರೆಸಿರುತ್ತಾರೋ ನಮಗೆ ಗೊತ್ತಾಗುವುದಿಲ್ಲ. ಅಮೆರಿಕದ ದಿನಸಿ ಅಂಗಡಿಗಳಲ್ಲಿ ಉಪ್ಪಿನಕಾಯಿಗೆಂದು ಮಾರುವ ಶುದ್ಧ ಸುಣ್ಣದ ಪುಡಿ ಸಿಗುತ್ತದೆ, ಅದನ್ನು ತನ್ನಿ.

ನಿಮಗೆ ಇದು ಯಾಕೆ ಹೊಂದುತ್ತದೆ ಅಂದರೆ, ಕಿಟಕಿ ಮುಚ್ಚಿದ ಮನೆಯಲ್ಲಿ ನಾವು ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ನೀರಿಗೆ ಇಳಿದು ಪಿಎಚ್ ಕೆಳಗೆ ಎಳೆಯುತ್ತದೆ. ಸುಣ್ಣ ಆ ಅನಿಲವನ್ನೇ ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ. ಕ್ಯಾಲ್ಸಿಯಂ, ಕೆಎಚ್, ಪಿಎಚ್ ಮೂರೂ ಒಟ್ಟಿಗೆ ಏರುತ್ತವೆ. ಹವಳ ಅಸ್ಥಿ ಕಟ್ಟುವಾಗ 20 ಪಿಪಿಎಂ ಕ್ಯಾಲ್ಸಿಯಮ್ಮಿಗೆ ಸುಮಾರು 2.8 ಕೆಎಚ್ ಖರ್ಚು ಮಾಡುತ್ತದೆ. ಸುಣ್ಣ ವಾಪಸು ಕೊಡುವುದೂ ಅದೇ ಲೆಕ್ಕದಲ್ಲಿ.

ಒಂದು ಲೀಟರ್ ಆರ್‌ಓ ನೀರಿಗೆ ಒಂದೂವರೆ ಗ್ರಾಂ ಪುಡಿ. ಅದಕ್ಕಿಂತ ಹೆಚ್ಚು ಹಾಕಿದರೂ ಕರಗುವುದು ಅಷ್ಟೇ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಕಲಕಿ, ಮುಚ್ಚಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಳಸಿ. ಸ್ಕೂಲಿನಲ್ಲಿ ಸುಣ್ಣದ ತಿಳಿಗೆ ಊದಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತಲ್ಲ, ತೆರೆದಿಟ್ಟ ಕ್ಯಾನಿನಲ್ಲಿ ಆಗುವುದೂ ಅದೇ; ಮೇಲೆ ಕೆನೆ ಕಟ್ಟಿ ಸುಣ್ಣದ ಶಕ್ತಿ ಹೋಗುತ್ತದೆ. ಆವಿಯಾದ ನೀರಿನ ಜಾಗಕ್ಕೆ ಇದನ್ನೇ ಹನಿಹನಿಯಾಗಿ, ರಾತ್ರಿ ಹೊತ್ತು ಬಿಡಬೇಕು, ಏಕೆಂದರೆ ಪಿಎಚ್ ಇಳಿಯುವುದು ರಾತ್ರಿ. ನಿಮ್ಮ ಟ್ಯಾಂಕಿನಿಂದ ದಿನಕ್ಕೆ 4 ಲೀಟರ್ ಆವಿಯಾದರೆ ಸುಮಾರು 13 ಪಿಪಿಎಂ ಕ್ಯಾಲ್ಸಿಯಂ ಸೇರುತ್ತದೆ. ಪಿಎಚ್ 8.5 ದಾಟಿದರೆ ನಿಲ್ಲಿಸಿ.

ಒಂದು ಸಲ ನನ್ನ ಫ್ಲೋಟ್ ವಾಲ್ವ್ ಸಿಕ್ಕಿಕೊಂಡು ಇಡೀ ಕ್ಯಾನ್ ಒಂದೇ ರಾತ್ರಿ ಟ್ಯಾಂಕಿಗೆ ಖಾಲಿಯಾಯಿತು. ಬೆಳಿಗ್ಗೆ ನೀರು ಮಜ್ಜಿಗೆ. ಎರಡು ಮೀನು, ಒಂದು ಹವಳದ ಗೊಂಚಲು ಹೋದವು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಕ್ಯಾನಿಗೆ ಒಂದು ದಿನದ ನೀರು ಮಾತ್ರ ತುಂಬುತ್ತೇನೆ. ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ, ಕನ್ನಡಕ ಹಾಕಿಕೊಂಡೇ ಅಳೆಯಿರಿ.

ಸಿಂಗಪುರದಿಂದ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸುಣ್ಣ ನಿಮ್ಮ 360ನ್ನು ಹವಳಕ್ಕೆ ಬೇಕಾದ 420ಕ್ಕೆ ಬೇಗ ಏರಿಸಲಾರದು. ಅದು ದಿನದ ಖರ್ಚು ತುಂಬುವುದಕ್ಕೆ ಸರಿ, ಹಳೆಯ ಬಾಕಿ ತೀರಿಸುವುದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ನಿಮ್ಮ ಲೆಕ್ಕಕ್ಕೆ 15 ಗ್ರಾಂ ಕ್ಯಾಲ್ಸಿಯಂ, ಅಂದರೆ ಡೈಹೈಡ್ರೇಟ್ (ನೀರಿನಂಶ ಸೇರಿದ ಪುಡಿ) ಆದರೆ 55 ಗ್ರಾಂ, ನೀರಿಲ್ಲದ ಪುಡಿಯಾದರೆ 42 ಗ್ರಾಂ. ಪ್ಯಾಕೆಟ್ ಮೇಲೆ ಯಾವುದೆಂದು ನೋಡದೆ ಹಾಕಬೇಡಿ. ಆಹಾರ ದರ್ಜೆಯದೇ ಇರಲಿ. ರಸ್ತೆಯ ಹಿಮ ಕರಗಿಸುವ ಪುಡಿ ಬೇಡವೇ ಬೇಡ. ನೀರಿಗೆ ಹಾಕಿದಾಗ ಬಿಸಿಯಾಗುತ್ತದೆ, ಗಾಬರಿಯಾಗಬೇಡಿ. ಮೂರು ನಾಲ್ಕು ದಿನಕ್ಕೆ ಹಂಚಿ ಹಾಕಿ. ಕೆಎಚ್ 8ಕ್ಕೆ ತರಲು ಸುಮಾರು 11 ಗ್ರಾಂ ಅಡುಗೆ ಸೋಡಾ ಸಾಕು. ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಸುರಿಯಬೇಡಿ. ನಾನು ಸುರಿದಿದ್ದೆ, ಟ್ಯಾಂಕಿಗೆ ಜೋಡಿಸಿದ ಸಂಪ್ ತೊಟ್ಟಿಯಲ್ಲಿ ಹಿಮ ಬಿದ್ದ ಹಾಗೆ ಆಗಿ, ಪಂಪಿನ ರೆಕ್ಕೆಗೆ ಕಲ್ಲು ಕಟ್ಟಿ, ಒಂದು ದಿನ ವಿನೆಗರಿನಲ್ಲಿ ನೆನೆಸಬೇಕಾಯಿತು.

ಇಲ್ಲಿಯ ತೇವದ ಗಾಳಿಗೆ ನನ್ನ ಟ್ಯಾಂಕಿನಲ್ಲಿ ನೀರು ಹೆಚ್ಚು ಆವಿಯಾಗುವುದಿಲ್ಲ, ಹಾಗಾಗಿ ಸುಣ್ಣದ ತಿಳಿ ಸಾಲದು. ಬೆಳಿಗ್ಗೆ ಕ್ಲೋರೈಡ್, ರಾತ್ರಿ ಸೋಡಾ, ಇದೇ ನನ್ನ ದಿನಚರಿ. ಇದರಲ್ಲಿ ಉಪ್ಪಿನಂಶ ನಿಧಾನವಾಗಿ ಏರುತ್ತದೆ, ನೀರು ಬದಲಿಸುವಾಗ ಅಳೆಯಲೇಬೇಕು. ಮೊದಲು ಮೆಗ್ನೀಷಿಯಂ ನೋಡಿದಿರಾ? ಸಮುದ್ರದಲ್ಲಿ ಸುಮಾರು 1,300 ಪಿಪಿಎಂ. ಅದು ಕಮ್ಮಿಯಿದ್ದರೆ ನೀವು ಹಾಕಿದ್ದೆಲ್ಲ ಹೀಟರಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ.

ಬೆಂಗಳೂರಿನಿಂದ:

ಮೆಡಿಕಲ್ ಸ್ಟೋರಿನ ಕ್ಯಾಲ್ಸಿಯಂ ಮಾತ್ರೆ, ಮೊಟ್ಟೆ ಸಿಪ್ಪೆ ಪುಡಿ ಎರಡನ್ನೂ ನಾನು ಹಾಕಿ ನೋಡಿದ್ದೇನೆ. ಪ್ರಯೋಜನವಿಲ್ಲ. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ಟ್ಯಾಂಕಿನ 8.2 ಪಿಎಚ್‌ನಲ್ಲಿ ಕರಗುವುದಿಲ್ಲ. ರಿಯಾಕ್ಟರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಹಾಯಿಸಿ ಪಿಎಚ್ 6.5ರ ಹತ್ತಿರಕ್ಕೆ ಇಳಿಸುವುದು ಅದಕ್ಕೇ. 250 ಲೀಟರಿಗೆ ಅಷ್ಟು ದೊಡ್ಡ ಖರ್ಚು ಈಗಲೇ ಬೇಡ. ನನ್ನದರಲ್ಲಿ ಮೀನು, ಬಂಡೆ, ಗುಲಾಬಿ ಬಣ್ಣದ ಕೋರಲೈನ್ ಪಾಚಿ ಮಾತ್ರ. ವಾರಕ್ಕೊಮ್ಮೆ ನೀರು ಬದಲಿಸಿದರೆ ಕ್ಯಾಲ್ಸಿಯಂ ಇಳಿಯದೆ ತಾನೇ ನಿಲ್ಲುತ್ತದೆ. ಇಲ್ಲಿಂದ ಓದುವವರು ಗಮನಿಸಿ: ನಮ್ಮಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಡಲಿಂದ ಕಿತ್ತು ತಂದದ್ದನ್ನು ಯಾರು ಮಾರಿದರೂ ಕೊಳ್ಳಬೇಡಿ.

ಮತ್ತೆ ನ್ಯೂಜೆರ್ಸಿಯಿಂದ:

ಎಲ್ಲರಿಗೂ ಧನ್ಯವಾದ. ಸಂಜೆ ಮೆಗ್ನೀಷಿಯಂ ಅಳೆದೆ, 1,140 ಬಂತು. ಹೀಟರಿನ ಮೇಲಿನ ಬಿಳಿ ಏನೆಂದು ಈಗ ತಿಳಿಯಿತು. ಈ ವಾರ ಅದನ್ನು ಸರಿಮಾಡಿ, ಆಮೇಲೆ ಕ್ಲೋರೈಡ್, ಆಮೇಲೆ ಸುಣ್ಣ. ಪುಡಿಯ ಡಬ್ಬಿ ತಂದಾಗಿದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು, ಮೊದಲ ತಿಳಿ ತಾವೇ ಇಳಿಸಿಕೊಡುತ್ತೇನೆ ಅಂದಿದ್ದಾರೆ.