ಕರಿಯನನ್ನು ಈಗ ಎಲ್ಲಿಗೂ ಕಳಿಸಬೇಡ

ಪುಟ್ಟೀ, ಬರೆಯುತ್ತಾ ಕೂರೋಕೆ ಆಗಲ್ಲ, ಮಾತಾಡಿಯೇ ಹೇಳುತ್ತೇನೆ. ಭಾವ ತೀರಿಕೊಂಡ ಮೇಲೆ ನಿಮ್ಮ ನಾಯಿ ಕರಿಯ ತಟ್ಟೆ ಮುಟ್ಟುತ್ತಿಲ್ಲ, ಬಾಗಿಲ ಹತ್ತಿರವೇ ಮಲಗಿರುತ್ತಾನೆ, ಬೇರೆ ಯಾರದಾದರೂ ಮನೆಗೆ ಕಳಿಸಿದರೆ ಮರೆಯುತ್ತಾನಾ ಅಂತ ಕೇಳಿದ್ದೀಯಲ್ಲ, ಕರುಳು ಚುರುಕ್ ಅಂತು. ಕಳಿಸಬೇಡ ಕಂದಾ. ಈಗಂತೂ ಬೇಡವೇ ಬೇಡ.

ನಮ್ಮ ನಾಯಿ ಕೆಂಚ ನಿಮಗೆಲ್ಲ ಗೊತ್ತೇ ಇದ್ದಾನೆ. ಅಪ್ಪ ಹೋದಾಗ, ಜಾಗ ಬದಲಾದರೆ ಸರಿಹೋಗುತ್ತಾನೆ ಅಂತ ಬಂದವರೆಲ್ಲ ಸೇರಿ ಅವನನ್ನು ನೆಂಟರ ಮನೆಗೆ ಸಾಗಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಅಲ್ಲಿ ಹಗ್ಗ ಕಚ್ಚಿ ತುಂಡು ಮಾಡಿ ಓಡಿಬಂದ. ನಾನು ಬಾಗಿಲು ತೆಗೆದರೆ ಕುತ್ತಿಗೆಯಲ್ಲಿ ಇನ್ನೂ ಹಗ್ಗದ ಚೂರು, ಅಂಗಾಲು ಕಿತ್ತು ರಕ್ತ. ನನ್ನ ಮುಖವನ್ನೂ ನೋಡದೆ ಸೀದಾ ಅಪ್ಪನ ಮಂಚದ ಕೆಳಗೆ ನುಗ್ಗಿ ಒಂದೊಂದೇ ಚಪ್ಪಲಿ ಮೂಸಿದ. ಅಪ್ಪನನ್ನು ಕಳೆದುಕೊಂಡವನಿಂದ ಮನೆಯನ್ನೂ ಕಿತ್ತುಕೊಂಡಿದ್ದರು. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕರಿಯನನ್ನು ಎಲ್ಲಿಗೂ ಕಳಿಸಬೇಡ.

ಮುಂದೆ ಕೆಂಚನೂ ಹೋದಾಗ ನಾನು ಅತ್ತರೆ, ನಾಯಿಗೆ ಇಷ್ಟೊಂದಾ ಅಂದರು. ಅಂದವರು ಈ ಗ್ರೂಪಿನಲ್ಲೂ ಇದ್ದೀರಿ, ಹೆಸರು ಬೇಡ. ಅಪ್ಪ ಹಾಸಿಗೆ ಹಿಡಿದಾಗ ನೀವೆಲ್ಲ ಫೋನಿನಲ್ಲಿ ಹೇಗಿದ್ದಾರೆ ಅಂತ ಕೇಳಿ ಇಟ್ಟುಬಿಡುತ್ತಿದ್ದಿರಿ. ರಾತ್ರಿ ಅಪ್ಪ ಕೆಮ್ಮಿದರೆ ನನ್ನ ಸೆರಗು ಎಳೆದು ಎಬ್ಬಿಸುತ್ತಿದ್ದವನು ಅವನು. ನನ್ನ ಜೊತೆ ನಿದ್ದೆಗೆಟ್ಟವನು ಅವನೊಬ್ಬನೇ. ಅವನಿಗೆ ಅಳದೆ ಇನ್ಯಾರಿಗೆ ಅಳಲಿ?

ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡು. ಬರೀ ದುಃಖ ಅಂತ ಸುಮ್ನೆ ಕೂರಬೇಡ, ಒಳಗೆ ಕಾಯಿಲೆಯೂ ಇರಬಹುದು. ಜಪಾನಿನ ಹಾಚಿಕೊ ಅನ್ನೋ ನಾಯಿ ಗೊತ್ತಲ್ವಾ, 1925ರಲ್ಲಿ ಯಜಮಾನ ತೀರಿಕೊಂಡ ಮೇಲೂ 1935ರಲ್ಲಿ ತಾನು ಸಾಯುವ ತನಕ ಶಿಬುಯಾ ರೈಲ್ವೆ ಸ್ಟೇಷನ್ನಿಗೆ ಬಂದು ಕಾದನಲ್ಲ, ತೆಗೆದಿಟ್ಟಿದ್ದ ಅವನ ಅಂಗಗಳನ್ನು ಪರೀಕ್ಷೆ ಮಾಡಿ 2011ರಲ್ಲಿ ಕ್ಯಾನ್ಸರ್ ಇತ್ತು ಅಂದರು. ಕರಿಯ ಪೂರ್ತಿ ಒಂದು ದಿನ ತಿಂದಿಲ್ಲ ಅಂದರೆ ಪಶುವೈದ್ಯರಿಗೆ ತೋರಿಸು. ನೀರನ್ನೂ ಮುಟ್ಟದಿದ್ದರೆ, ವಾಂತಿ ಮಾಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಈಗಲೇ ಹೊರಡು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಅಂತ ನಮ್ಮ ಮಾತ್ರೆ ಕೊಟ್ಟೀಯ ಜೋಕೆ, ನಾಯಿಗೆ ವಿಷವಾಗಬಹುದು. ಭಾವನ ಒಗೆಯದ ಶರ್ಟು ಇದ್ದರೆ ಅವನು ಮಲಗುವಲ್ಲಿ ಹಾಸು. ಅವರು ವಾಕಿಂಗಿಗೆ ಕರೆದೊಯ್ಯುತ್ತಿದ್ದ ಹೊತ್ತಿಗೇ ನೀನೂ ಕರೆದುಕೊಂಡು ಹೋಗು. ಡಾಕ್ಟರು ಏನಂದರು ಅಂತ ಇಲ್ಲೇ ಹಾಕು, ಕಾಯುತ್ತಿರುತ್ತೇನೆ.