ಮಗಳ ಮಂಡಿಯ ಮೇಲೆ ಬಿಳಿ ಮಚ್ಚೆ: ತೊನ್ನು ಯಾಕೆ ಬರುತ್ತದೆ? ಅನುಭವ ಇರುವವರು ಹೇಳಿ

ತಾಯಿಯ ಪ್ರಶ್ನೆ:
ನನ್ನ ಮಗಳಿಗೆ 9 ವರ್ಷ. ಎರಡು ತಿಂಗಳ ಹಿಂದೆ ಮಂಡಿಯ ಮೇಲೆ ಬಟನ್ನಿನಷ್ಟು ಬಿಳಿ ಮಚ್ಚೆ ಕಾಣಿಸಿತು. ಈಗ ಕಣ್ಣಿನ ರೆಪ್ಪೆಯ ಹತ್ತಿರ ಇನ್ನೊಂದು. ಡಾಕ್ಟರ್ ತೊನ್ನು ಅಂದರು. ನಾನು ಬಸುರಿಯಾಗಿದ್ದಾಗ ಏನೋ ತಪ್ಪು ಮಾಡಿರಬೇಕು ಅನ್ನುತ್ತಿದ್ದಾರೆ ಮನೆಯಲ್ಲಿ. ತಮ್ಮನನ್ನು ಅವಳ ಪಕ್ಕ ಮಲಗಿಸಬೇಡ ಅಂತಲೂ ಹೇಳುತ್ತಾರೆ. ಇದು ನಿಜವಾಗಿ ಯಾಕೆ ಬರುತ್ತದೆ?

27 ವರ್ಷದಿಂದ ತೊನ್ನು ಇರುವವರು:
ಅಕ್ಕ, ಇವತ್ತು ರಾತ್ರಿಯೇ ಇಬ್ಬರನ್ನೂ ಒಟ್ಟಿಗೆ ಮಲಗಿಸಿ. ಇದು ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ಟವೆಲ್ ಬಳಸಿದರೂ ಇಲ್ಲ. ನೀವು ಯಾವ ತಪ್ಪೂ ಮಾಡಿಲ್ಲ.

ನನಗೆ ಶುರುವಾಗಿದ್ದು 14ನೇ ವಯಸ್ಸಿಗೆ. ಚರ್ಮಕ್ಕೆ ಬಣ್ಣ ತಯಾರಿಸುವ ಕೋಶಗಳಿಗೆ ಮೆಲನೊಸೈಟ್ ಅನ್ನುತ್ತಾರೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ಟಿ ಕೋಶಗಳು ಇವನ್ನು ಶತ್ರು ಅಂದುಕೊಂಡು ಕೊಲ್ಲುತ್ತವೆ. ಬಣ್ಣ ಮಾಡುವವರೇ ಇಲ್ಲದ ಮೇಲೆ ಆ ಜಾಗ ಬೆಳ್ಳಗಾಗುತ್ತದೆ, ಅಷ್ಟೇ. ವಂಶದ ಪಾಲು ಇದೆ, ಆದರೆ ಅದೊಂದೇ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ.

ನನ್ನ ಎಡ ಮಣಿಕಟ್ಟು ನೋಡಿದರೆ ನಿಮಗೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ವಾಚಿನ ಬಕಲ್ ಉಜ್ಜುತ್ತಿದ್ದ ಕಡೆಯೇ, ಬಕಲ್‌ನ ಚೌಕ ಆಕಾರದಲ್ಲೇ ಮಚ್ಚೆ ಇದೆ. ಈ ಕಾಯಿಲೆಯ ಒಲವು ಇರುವವರಿಗೆ ತರಚು, ಸುಟ್ಟ ಗಾಯ, ಬಿಗಿ ಎಲಾಸ್ಟಿಕ್ ಇರುವ ಕಡೆ ಹೀಗಾಗಬಹುದು. ಡಾಕ್ಟರುಗಳು ಇದನ್ನು ಕೋಬ್ನರ್ ಅನ್ನುತ್ತಾರೆ. ಮಗಳು ಮಂಡಿ ತರಚಿಕೊಂಡಿದ್ದಳಾ?

ಪ್ರಶ್ನೆ ಕೇಳಿದವರು:
ಹೌದು! ಸೈಕಲ್ ಕಲಿಯುವಾಗ ಬಿದ್ದಿದ್ದಳು. ಅದೇ ಮಂಡಿ. ಹಾಗಾದರೆ ನಾನೇ ಹಿಡಿದುಕೊಳ್ಳಬೇಕಿತ್ತು, ಅಲ್ವಾ?

27 ವರ್ಷದಿಂದ ತೊನ್ನು ಇರುವವರು:
ಇಲ್ಲ ಅಕ್ಕ. ಎಲ್ಲ ಮಕ್ಕಳೂ ಬೀಳುತ್ತಾರೆ. ಗಾಯ ಜಾಗ ತೋರಿಸಿತು, ಕಾಯಿಲೆ ತರಲಿಲ್ಲ. ಸೈಕಲ್ ಬಿಡಿಸಬೇಡಿ, ಮಂಡಿಗೆ ಪ್ಯಾಡ್ ಕಟ್ಟಿ.

ಅಣ್ಣನಿಗೆ ತೊನ್ನು ಇರುವವರು:
ಅಣ್ಣ ರಬ್ಬರ್ ಅಂಟಿನ ಕೆಲಸದಲ್ಲಿದ್ದ. ಮೊದಲು ಬೆಳ್ಳಗಾಗಿದ್ದು ಬೆರಳುಗಳು. ಕೆಲವು ಫೀನಾಲ್ ರಾಸಾಯನಿಕಗಳು ಬಣ್ಣದ ಕೋಶಗಳನ್ನೇ ಹಾಳು ಮಾಡುತ್ತವೆ. ಜಪಾನಿನಲ್ಲಿ 2013ರಲ್ಲಿ ರೋಡೋಡೆಂಡ್ರಾಲ್ ಅನ್ನುವ ಅಂಥದೇ ರಾಸಾಯನಿಕ ಇದ್ದ ಬೆಳ್ಳಗಾಗಿಸುವ ಕ್ರೀಮುಗಳನ್ನು ಇದೇ ಕಾರಣಕ್ಕೆ ವಾಪಸ್ ಪಡೆದರು. ದಯವಿಟ್ಟು ಮಗುವಿಗೆ ಸಿಕ್ಕಸಿಕ್ಕ ಕ್ರೀಮ್ ಹಚ್ಚಬೇಡಿ.

11 ವರ್ಷದ ಮಗನ ತಾಯಿ:
ನಾವು ಒಂದು ವರ್ಷ ಸುಮ್ನೆ ಕಾದು ಕಳೆದೆವು. ನೀವು ಹಾಗೆ ಮಾಡಬೇಡಿ. ಹೊಸ ಮಚ್ಚೆಗೆ ಚಿಕಿತ್ಸೆ ಬೇಗ ಹಿಡಿಯುತ್ತದೆ. ಮುಖದಲ್ಲಿ ಚೆನ್ನಾಗಿ ಬಣ್ಣ ಬರುತ್ತದೆ, ಬೆರಳ ತುದಿಯಲ್ಲಿ ಕಷ್ಟ.

ಚರ್ಮದ ಡಾಕ್ಟರ್ ಹತ್ತಿರ ವುಡ್ಸ್ ಲ್ಯಾಂಪ್ ಪರೀಕ್ಷೆ ಮಾಡಿಸಿ. ಕತ್ತಲೆ ಕೋಣೆಯಲ್ಲಿ ಆ ದೀಪ ಹಿಡಿದರೆ ತೊನ್ನಿನ ಜಾಗ ನೀಲಿ ಬಿಳುಪಾಗಿ ಹೊಳೆಯುತ್ತದೆ. ಚಿಬ್ಬು ಅಷ್ಟು ಬೆಳ್ಳಗೆ ಹೊಳೆಯುವುದಿಲ್ಲ. ಥೈರಾಯ್ಡ್ ರಕ್ತ ಪರೀಕ್ಷೆಯನ್ನೂ ಕೇಳಿ. ತೊನ್ನು ಇರುವವರಲ್ಲಿ ಆ ತೊಂದರೆ ಜಾಸ್ತಿ. ನನ್ನ ಮಗನಿಗೂ ಸಿಕ್ಕಿತು.

ಅವನಿಗೆ ಟ್ಯಾಕ್ರೋಲಿಮಸ್ ಮುಲಾಮು (ಚರ್ಮದಲ್ಲಿ ಆ ಟಿ ಕೋಶಗಳ ದಾಳಿ ತಗ್ಗಿಸುವ ಔಷಧಿ), ಜೊತೆಗೆ ವಾರಕ್ಕೆ ಎರಡು ಸಲ ನ್ಯಾರೋಬ್ಯಾಂಡ್ ಯುವಿಬಿ ಅನ್ನುವ ನೇರಳಾತೀತ ಬೆಳಕಿನ ಚಿಕಿತ್ಸೆ ಕೊಟ್ಟರು. ಮೂರು ತಿಂಗಳು ಏನೂ ಕಾಣಲಿಲ್ಲ. ನಾನು ಅತ್ತಿದ್ದೂ ಉಂಟು. ಒಂದು ದಿನ ಸ್ನಾನ ಮಾಡಿಸುವಾಗ ಮಚ್ಚೆಯೊಳಗೆ ಕಂದು ಚುಕ್ಕಿಗಳು ಕಂಡವು. ಪೆನ್ನಿನ ತುದಿ ಊರಿದ ಹಾಗೆ, ಒಂದೊಂದು ಕೂದಲಿನ ಬುಡಕ್ಕೆ ಒಂದೊಂದು. ಉಳಿದ ಬಣ್ಣದ ಕೋಶಗಳು ಅಲ್ಲಿಂದಲೇ ಹೊರಗೆ ಬರುತ್ತವಂತೆ. ಅದಕ್ಕೇ ಮಚ್ಚೆಯ ಮೇಲಿನ ಕೂದಲು ಇನ್ನೂ ಕಪ್ಪಗಿದೆಯಾ ನೋಡಿ. ಕಪ್ಪಗಿದ್ದರೆ ಭರವಸೆ ಜಾಸ್ತಿ.

ಶಾಲೆಗೆ ಹೋಗುವಾಗ ಹೇಳಲು ಮಗನಿಗೆ ಒಂದು ಉತ್ತರ ಕಲಿಸಿದ್ದೆ: "ಇಲ್ಲಿ ಬಣ್ಣ ಹೋಗಿದೆ. ನೋಯಲ್ಲ, ಅಂಟಲ್ಲ. ಬೇಕಾದರೆ ಮುಟ್ಟಿ ನೋಡು." ಮೊದಲ ದಿನ ಇಬ್ಬರು ಮುಟ್ಟಿ ನೋಡಿದರಂತೆ. ಆಮೇಲೆ ಯಾರೂ ಕೇಳಲಿಲ್ಲ.